ಕಳ್ಳ, ಖದೀಮ, ಆರೋಪಿ, ‘ಎಂಬಾತ’: ಯಾರನ್ನು ಏನಂತ ಕರೆಯೋದು?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ನಾನು ಒಂದು ಪತ್ರಿಕೆಯ ಜಿಲ್ಲಾ ಆವೃತ್ತಿಯಲ್ಲಿ ಡೆಸ್ಕ್ ಕೆಲಸ ಮಾಡುತ್ತೇನೆ. ಕ್ರೈಂ ಪುಟ ನನ್ನ ಪಾಲಿಗೆ ಬಂದಿದೆ. ಹೊಸದಾಗಿ ಸೇರಿದ ಹುಡುಗರಿಗೆ ಒಂದು ಪದಪಟ್ಟಿ ಮಾಡಿಕೊಡಿ ಅಂದಿದ್ದಾರೆ. ಅಪರಾಧ ಸುದ್ದಿಯಲ್ಲಿ ಯಾವ ಪದ ಬಳಸಬಹುದು, ಯಾವುದು ಬೇಡ ಅಂತ.

ಬರೆಯಲು ಕೂತರೆ, ನಮ್ಮಲ್ಲಿ ಇಂಥ ಪದಗಳಿಗೆ ಬರವೇ ಇಲ್ಲ. ಖದೀಮ, ಐನಾತಿ ಕಳ್ಳ, ಖತರ್ನಾಕ್ ಗ್ಯಾಂಗ್, ಚಾಲಾಕಿ ಮಹಿಳೆ, ಕಿರಾತಕ, ಕೀಚಕ, ಕಾಮುಕ, ಪಾಪಿ ಪತಿ, ಪುಂಡ, ಪೋಕರಿ, ಕಿಡಿಗೇಡಿ, ದುಷ್ಕರ್ಮಿ, ಹಂತಕ, ಪಾತಕಿ. ‘ಖದೀಮರು ಅಂದರ್’ ಅನ್ನುವ ಶೀರ್ಷಿಕೆ ಯಾವ ಪತ್ರಿಕೆ ಬಿಡಿಸಿದರೂ ಸಿಗುತ್ತದೆ. ಅಂದರ್ ಆದವರ ಮೇಲೆ ಇನ್ನೂ ಚಾರ್ಜ್‌ಶೀಟ್ ಕೂಡ ಆಗಿರುವುದಿಲ್ಲ.

ಕೋರ್ಟು ತೀರ್ಪು ಕೊಡುವ ತನಕ ಯಾರನ್ನೂ ಕಳ್ಳ, ಕೊಲೆಗಾರ ಅಂತ ಬರೆಯಬಾರದು ಅನ್ನುವುದು ನನ್ನ ನಿಲುವು. ಡೆಸ್ಕ್‌ನಲ್ಲಿ ಸುಮಾರು ಜನ ಒಪ್ಪುತ್ತಿಲ್ಲ. ಓದುವವರಿಗೆ ಸಪ್ಪೆ ಅನಿಸುತ್ತದಂತೆ. ನೀವೇನಂತೀರಿ?

ಮದ್ದೂರು ವಡೆ
ಸ್ವಾಮಿ, ಎಳನೀರು ಕಿತ್ತು ಆಟೋಗೆ ತುಂಬುತ್ತಾ ಇರುವಾಗಲೇ ಒಬ್ಬ ಸಿಕ್ಕಿಬಿದ್ದ ಅಂತಿಟ್ಟುಕೊಳ್ಳಿ. ಅವನನ್ನೂ ‘ಆರೋಪಿ’ ಅಂತ ಮರ್ಯಾದೆಯಿಂದ ಕರೆಯಬೇಕಾ? ತೋಟದವನ ಕಣ್ಣೆದುರೇ ಕದ್ದಿದ್ದಾನೆ. ಕಳ್ಳ ಅಂದರೆ ಏನು ತಪ್ಪು? ನಮ್ಮ ಕಡೆ ಕೆಲಸಕ್ಕೆ ಬಾರದವನಿಗೆ ಮೈಗಳ್ಳ ಅಂತೀವಿ. ಮುದ್ದು ಮಾಡುವಾಗ ಮಗೂಗೇ ಕಳ್ಳ ಅಂತೀವಿ. ಕದ್ದವನಿಗೆ ಮಾತ್ರ ಅನ್ನಬಾರದಾ?

ಕಪ್ಪು ಕೋಟು
ತೋಟದವರು ಏನು ಬೇಕಾದರೂ ಅನ್ನಲಿ. ಅದು ಅವರ ಸಿಟ್ಟು. ಪತ್ರಿಕೆ ಅನ್ನಬಾರದು ಅಷ್ಟೇ. ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ. ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೇನೆ, ಪಟ್ಟಿಗೆ ಉಪಯೋಗಕ್ಕೆ ಬರಬಹುದು.

ಪೊಲೀಸರಿಗೆ ಅನುಮಾನ ಇದೆ, ಇನ್ನೂ ಎಫ್‌ಐಆರ್‌ನಲ್ಲಿ ಹೆಸರಿಲ್ಲ. ಅವರು ಶಂಕಿತರು. ಹೆಸರು ಬಂತು, ಅಲ್ಲಿಂದ ಆರೋಪಿ. ತನಿಖೆ ಮುಗಿಸಿ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರೂ ಆರೋಪಿಯೇ. ಕೋರ್ಟು ಆರೋಪ ಹೊರಿಸಿ ವಿಚಾರಣೆ ನಡೆಸುವಾಗಲೂ ಆರೋಪಿಯೇ. ತಪ್ಪು ಮಾಡಿದ್ದು ಸಾಬೀತಾಗಿದೆ ಅಂತ ತೀರ್ಪು ಬಂದ ಮೇಲೆ ಮಾತ್ರ ಅಪರಾಧಿ. ಮೇಲ್ಮನವಿಯಲ್ಲಿ ಹೈಕೋರ್ಟು ಬಿಟ್ಟರೆ ಆ ಪದವೂ ಹೋಯಿತು.

ಜೈಲಿನೊಳಗೂ ಇದೇ ಕಥೆ. ವಿಚಾರಣಾಧೀನ ಬಂದಿ ಬೇರೆ, ಸಜಾ ಬಂದಿ ಬೇರೆ. ಹೊರಗಿನವರಿಗೆ ಎಲ್ಲರೂ ‘ಕೈದಿ’. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನ ಇದ್ದರು. ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ. ಅಂದರೆ ಒಳಗಿರುವ ನಾಲ್ವರಲ್ಲಿ ಮೂವರ ತಪ್ಪು ಸಾಬೀತಾಗಿದೆ ಅಂತ ಯಾವ ಕೋರ್ಟೂ ಇನ್ನೂ ಹೇಳಿರಲಿಲ್ಲ. ಅವರನ್ನೆಲ್ಲ ‘ಜೈಲಿನಲ್ಲಿರುವ ಅಪರಾಧಿಗಳು’ ಅಂತ ಬರೆಯುವುದನ್ನು ಮೊದಲು ನಿಲ್ಲಿಸಿ.

ಇನ್ನೊಂದು. ಜಾಮೀನು ಸಿಕ್ಕಿತು ಅಂದ ಕೂಡಲೇ ‘ಬಿಡುಗಡೆ’ ಅಂತ ದೊಡ್ಡದಾಗಿ ಹಾಕುತ್ತೀರಿ. ಜನ ಕೇಸೇ ಮುಗಿಯಿತು ಅಂದುಕೊಳ್ಳುತ್ತಾರೆ. ಜಾಮೀನು, ಕೇಸು ರದ್ದು, ಖುಲಾಸೆ ಮೂರೂ ಬೇರೆ ಬೇರೆ.

ಮದ್ದೂರು ವಡೆ
ಸರಿ ಮೇಡಂ, ಒಪ್ಪಿದೆ. ಹಂಗಾದ್ರೆ ‘ದರೋಡೆಕೋರ’ ಅನ್ನೋದು? ಸರ ಕಿತ್ತುಕೊಂಡು ಓಡಿದವನಿಗೂ ಅದೇ, ಬ್ಯಾಂಕಿಗೆ ನುಗ್ಗಿದವರಿಗೂ ಅದೇ.

ಕಪ್ಪು ಕೋಟು
ಇದು ನನಗೂ ತಲೆನೋವಿನ ಪದ. ಕಾನೂನಿನಲ್ಲಿ ಇದಕ್ಕೆ ತಲೆ ಎಣಿಕೆ ಇದೆ. ಒಪ್ಪಿಗೆ ಇಲ್ಲದೆ ಎತ್ತಿಕೊಂಡು ಹೋದರೆ ಕಳವು. ಹೊಡೆದು ಬಡಿದು, ಹೆದರಿಸಿ ಕಿತ್ತುಕೊಂಡರೆ ಸುಲಿಗೆ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಸುಲಿಗೆ ಮಾಡಿದರೆ ದರೋಡೆ. ನಾಲ್ಕೇ ಜನ ಇದ್ದರೆ ಎಷ್ಟು ಕೋಟಿ ಹೊಡೆದರೂ ಅದು ಸುಲಿಗೆಯೇ. ಹಾಗಾಗಿ ‘ಒಂಟಿ ದರೋಡೆಕೋರ’ ಅನ್ನುವ ಪ್ರಾಣಿ ಪತ್ರಿಕೆಯಲ್ಲಿ ಮಾತ್ರ ಬದುಕಿದೆ. ಸರ ಕಿತ್ತುಕೊಂಡು ಓಡುವುದಕ್ಕೆ ಈಗ ಬೇರೆಯೇ ಸೆಕ್ಷನ್ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 304. ಹಳೇ ಐಪಿಸಿಯಲ್ಲಿ ಹೀಗೆ ಪ್ರತ್ಯೇಕವಾಗಿ ಇರಲಿಲ್ಲ.

ಕರಾವಳಿ ಕಾಗೆ
ಅಂದಹಾಗೆ, ‘ಅವನೊಬ್ಬ ಫೋರ್ ಟ್ವೆಂಟಿ’ ಅಂತ ಬಯ್ಯುವವರ ಗತಿ ಏನು? ಹೊಸ ಸಂಹಿತೆಯಲ್ಲಿ ಇರುವುದೇ 358 ಸೆಕ್ಷನ್. 420 ಅನ್ನುವ ನಂಬರೇ ಇಲ್ಲ. ವಂಚನೆ 318ಕ್ಕೆ ಹೋಗಿದೆ. ‘ಅವನೊಬ್ಬ ತ್ರೀ ಏಟೀನ್’ ಅಂದರೆ ಯಾರಿಗೂ ಸಿಟ್ಟೇ ಬರಲಿಕ್ಕಿಲ್ಲ ಮಾರಾಯ್ರೆ.

ಹಳೇ ಖಾಕಿ
ನಾನು ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪತ್ರಿಕೆಯವರು ಬಳಸುವ ಪದಗಳಲ್ಲಿ ಅರ್ಧ ನಮ್ಮ ಠಾಣೆಯಿಂದಲೇ ಹೋಗಿರುತ್ತವೆ. ಉಳಿದರ್ಧ ಅವರ ಸ್ವಂತದ್ದು. ನಮ್ಮ ಬರವಣಿಗೆಯಲ್ಲಿ ಖದೀಮ, ಐನಾತಿ ಇರುವುದಿಲ್ಲ. ‘ಸದರಿ ಆಸಾಮಿ’ ಅಂತ ಬರೆಯುತ್ತೇವೆ. ಆಮೇಲೆ ಎ1, ಎ2. ಬಂಧನಕ್ಕೆ ದಸ್ತಗಿರಿ, ಸಿಕ್ಕ ಮಾಲಿಗೆ ಮುದ್ದೆಮಾಲು, ಸ್ಥಳದಲ್ಲಿ ಬರೆಯುವುದು ಮಹಜರು. ಹಳೇ ಪದಗಳಾದರೂ ಅವುಗಳಲ್ಲಿ ಬೈಗುಳ ಇಲ್ಲ ನೋಡಿ.

ಆದರೆ ಒಂದು ಮಾತು. ರೌಡಿ ಅನ್ನುವುದು ಬರೀ ಬೈಗುಳ ಅಂದುಕೊಳ್ಳಬೇಡಿ. ಠಾಣೆಯಲ್ಲಿ ಅದಕ್ಕೊಂದು ರಿಜಿಸ್ಟರ್ ಇದೆ. ಪೊಲೀಸ್ ಕೈಪಿಡಿಯ ಪ್ರಕಾರ ರೌಡಿ ಶೀಟ್ ತೆರೆಯುತ್ತಾರೆ. ಹಬ್ಬ, ಚುನಾವಣೆ ಬಂತು ಅಂದರೆ ಕರೆಸಿ ಎಚ್ಚರಿಕೆ ಕೊಡುತ್ತಾರೆ. ಕಳ್ಳತನದವರಿಗೆ ಬೇರೆ, ಎಂಓಬಿ ಅಂತೀವಿ. ಯಾರು ಯಾವ ರೀತಿ ಕಳವು ಮಾಡುತ್ತಾರೆ ಅನ್ನುವ ದಾಖಲೆ ಅದು. ಬೀಟ್ ಪೊಲೀಸರಿಗೆ ಇವೆಲ್ಲ ಬೇಕು. ಇಲ್ಲದಿದ್ದರೆ ರಾತ್ರಿ ಊರು ಕಾಯುವುದು ಕಷ್ಟ.

ಕಪ್ಪು ಕೋಟು
ಸರ್, ಶೀಟ್ ಬೇಕು ಅನ್ನುವುದು ಬೇರೆ. ಅದು ಮುಚ್ಚುವುದೇ ಇಲ್ಲ ಅನ್ನುವುದು ಬೇರೆ. ರೌಡಿ ಅಂದರೆ ಯಾರು ಅಂತ ಐಪಿಸಿಯೂ ಹೇಳಿರಲಿಲ್ಲ, ನ್ಯಾಯ ಸಂಹಿತೆಯೂ ಹೇಳುವುದಿಲ್ಲ. ನನ್ನ ಕಕ್ಷಿದಾರರೊಬ್ಬರು ಎಲ್ಲ ಕೇಸಿನಲ್ಲೂ ಖುಲಾಸೆ ಆಗಿದ್ದಾರೆ. ಶೀಟ್ ಹಾಗೇ ಇದೆ. ಬಾಡಿಗೆ ಮನೆ ಸಿಗುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಶೀಟ್ ತೆರೆಯುವ ಮುನ್ನ ಆ ವ್ಯಕ್ತಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು, ಕಾಲಕಾಲಕ್ಕೆ ಮರುಪರಿಶೀಲಿಸಬೇಕು ಅಂತ. 2024ರ ಮೇ ತಿಂಗಳಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಮಾತಾಡಿತು. ಹಿಂದುಳಿದವರು, ಪರಿಶಿಷ್ಟರು, ಬಡವರ ಮೇಲೆ ಯಾಂತ್ರಿಕವಾಗಿ ಇಂಥ ದಾಖಲೆ ತೆರೆಯುತ್ತಾರೆ ಅನ್ನುವ ದೂರುಗಳಿವೆ, ರಾಜ್ಯಗಳು ನೋಡಿಕೊಳ್ಳಬೇಕು ಅಂತ.

‘ಗೂಂಡಾ’ ಕೂಡ ಕಾನೂನಿನ ಪದವೇ. ನಾವು ಬಾಯಿಮಾತಿಗೆ ಗೂಂಡಾ ಕಾಯ್ದೆ ಅನ್ನುವ 1985ರ ಕಾಯ್ದೆಯ ಪೂರ್ತಿ ಹೆಸರು ಓದಿದರೆ ಉಸಿರು ಕಟ್ಟುತ್ತದೆ. ಕಳ್ಳಬಟ್ಟಿಯವರು, ಜೂಜುಕೋರರು, ಮಾದಕ ವಸ್ತುವಿನವರು, ವಿಡಿಯೊ ಪೈರಸಿ ಮಾಡುವವರು, ಎಲ್ಲರೂ ಹೆಸರಲ್ಲೇ ಇದ್ದಾರೆ. 2014ರಲ್ಲಿ ತಿದ್ದುಪಡಿ ಮಾಡಿ ಆಸಿಡ್ ದಾಳಿಕೋರರು, ಭೂಗಳ್ಳರು, ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿದರು. ಗಮನಿಸಿ, ಇದು ಮುನ್ನೆಚ್ಚರಿಕೆಯ ಬಂಧನದ ಕಾಯ್ದೆ. ಶಿಕ್ಷೆ ಆಗಿರಲೇಬೇಕು ಅಂತಿಲ್ಲ. ಒಂದು ವರ್ಷದವರೆಗೆ ಒಳಗಿಡಬಹುದು. ಪದ ಮೊದಲು ಬಂತು, ವಿಚಾರಣೆ ಬಂದರೆ ಬಂತು.

ಬೆಟಗೇರಿ ಬಸ್‌ಸ್ಟಾಪ್
ನೀವೆಲ್ಲ ಕೇಸ್ ಆದ ಮೇಲೆ ಹಚ್ಚುವ ಹೆಸರಿನ ಬಗ್ಗೆ ಮಾತಾಡುತ್ತಿದ್ದೀರಿ. ನಮಗೆ ಹುಟ್ಟಿದ ದಿನವೇ ಹಚ್ಚಿದ್ದಾರೆ.

ನಮ್ಮ ಜಾತಿಯ ಹೆಸರು ಗಂಟಿಚೋರ. ಯಾರೋ ಬೈದದ್ದಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಹಾಗೇ ಅಚ್ಚಾಗಿದೆ. ತಹಶೀಲ್ದಾರ ಆಫೀಸಿನಲ್ಲಿ ಸರ್ಟಿಫಿಕೇಟ್ ಕೊಡುವಾಗ ಹಾಗೇ ಬರೆಯುತ್ತಾರೆ. ಗಂಟು ಕದಿಯುವವರು ಅಂತ ಅರ್ಥ. ನಾನು ಶಾಲೆಯಲ್ಲಿದ್ದಾಗ ಸ್ಕಾಲರ್‌ಶಿಪ್ ಫಾರ್ಮ್ ತುಂಬಲು ಮಾಸ್ತರರು ಜಾತಿ ಕೇಳುತ್ತಿದ್ದರು. ಹಿಂದೆ ಕೂತವರು ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಗು ಬೇರೆ. ಸ್ಕಾಲರ್‌ಶಿಪ್ ಬ್ಯಾಡ ಅಂತ ನಮ್ಮ ಅಕ್ಕ ಫಾರ್ಮ್ ತುಂಬಲೇ ಇಲ್ಲ.

ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಮೊದಲು ಉತ್ತರ ಭಾರತಕ್ಕೆ, ಆಮೇಲೆ ಬೇರೆ ಪ್ರಾಂತ್ಯಗಳಿಗೆ. ಇಡೀ ಸಮುದಾಯವನ್ನೇ ಹುಟ್ಟಾ ಅಪರಾಧಿ ಅಂತ ಘೋಷಿಸುವ ಕಾಯ್ದೆ ಅದು. ನಮ್ಮವರು, ಕೊರಚರು, ಕೊರವರು, ಹರಣಶಿಕಾರಿಗಳು, ಚಪ್ಪರಬಂದರು ಇದರ ಕೆಳಗೆ ಸಿಕ್ಕಿಕೊಂಡರು. ಮುಂಬೈ ಪ್ರಾಂತ್ಯದ ಸರ್ಕಾರ ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಾಪುರದಲ್ಲಿ ಸೆಟ್ಲ್‌ಮೆಂಟ್ ಕಟ್ಟಿ ಒಳಗೆ ಕೂಡಿಸಿತು. ಹಾಜರಿ ಕೊಡಬೇಕು. ಹೊರಗೆ ಹೋಗಲು ಪಾಸ್ ಬೇಕು. ಕದ್ದವನೂ ಒಳಗೆ, ಕದಿಯದ ಮುದುಕಿಯೂ ಒಳಗೆ. 1952ರಲ್ಲಿ ಕಾಯ್ದೆ ರದ್ದಾಯಿತು. ಆಗಸ್ಟ್ 31ರಂದು ಈಗಲೂ ವಿಮುಕ್ತ ದಿನ ಆಚರಿಸುತ್ತೇವೆ. ಬೇಲಿ ಹೋಯಿತು, ಏರಿಯಾದ ಹೆಸರು ಹೋಗಲಿಲ್ಲ. ಇವತ್ತಿಗೂ ಆಟೋದವರಿಗೆ ‘ಸೆಟ್ಲ್‌ಮೆಂಟ್’ ಅಂದರೆ ಸಾಕು, ಕರೆದುಕೊಂಡು ಬಂದು ಬಿಡುತ್ತಾರೆ. ಕೆಲವರು ರಾತ್ರಿ ಹೊತ್ತು ಬರುವುದಿಲ್ಲ.

ಕಾಯ್ದೆ ಹೋದ ಮೇಲೆ ಬಂದ ಹೊಸ ಪದ ‘ರೂಢಿಗತ ಅಪರಾಧಿ’. ಕರ್ನಾಟಕದಲ್ಲೂ 1961ರ ಕಾಯ್ದೆ ಇದೆ. ಕಾಗದದ ಮೇಲೆ ಅದು ಒಬ್ಬೊಬ್ಬ ವ್ಯಕ್ತಿಗೆ ಅನ್ವಯಿಸುವುದು, ಜಾತಿಗಲ್ಲ. ಆದರೆ ಊರಲ್ಲಿ ಕಳವಾದರೆ ಜೀಪು ಮೊದಲು ಯಾವ ಓಣಿಗೆ ಬರುತ್ತದೆ? ಹಳೇ ಖಾಕಿ ಸರ್ ಅವರೇ ಹೇಳಲಿ.

ಹಳೇ ಖಾಕಿ
ಬರುತ್ತಿತ್ತು. ಇಲ್ಲ ಅನ್ನುವುದಿಲ್ಲ. ಮೇಲಿನವರು ಎರಡು ದಿನದಲ್ಲಿ ರಿಕವರಿ ತೋರಿಸಿ ಅಂತ ಕೂತಾಗ, ಹಳೇ ರಿಜಿಸ್ಟರ್ ತೆಗೆಯುವುದೇ ಸುಲಭದ ದಾರಿ. ಆದರೆ ಅದೇ ರಿಜಿಸ್ಟರ್‌ನಿಂದ ನಿಜವಾದ ಕಳ್ಳರು ಸಿಕ್ಕಿದ್ದೂ ಇದೆ. ಅದನ್ನೂ ಹೇಳಬೇಕಲ್ಲ.

ಬೆಟಗೇರಿ ಬಸ್‌ಸ್ಟಾಪ್
ಸಿಗಲಿ ಸರ್. ಸಿಕ್ಕವನ ಹೆಸರು ಬರೆಯಿರಿ. ಅವನ ಜಾತಿ ಯಾಕೆ? ‘ಇಂಥ ಗ್ಯಾಂಗ್’ ಅಂತ ಸಮುದಾಯದ ಹೆಸರು, ಊರಿನ ಹೆಸರು ಹಚ್ಚುತ್ತಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿ ದುಡ್ಡು ಹೊಡೆದವನ ಜಾತಿಯನ್ನು ಯಾವ ಪತ್ರಿಕೆಯಾದರೂ ಶೀರ್ಷಿಕೆಯಲ್ಲಿ ಹಾಕಿದೆಯಾ?

ರಾತ್ರಿಪಾಳಿ
ಇದು ಪಟ್ಟಿಯ ಮೊದಲ ಸಾಲಿಗೆ ಹೋಗುತ್ತದೆ. ಜಾತಿ, ಸಮುದಾಯದ ಹೆಸರಿನ ಗ್ಯಾಂಗ್ ಬೇಡ. ‘ಕಿರಾತಕ’ ಪದವನ್ನೂ ತೆಗೆಯುತ್ತೇನೆ. ಕಿರಾತರು ಅಂದರೆ ಕಾಡಿನ ಜನ. ಕಾಡಲ್ಲಿ ಬೇಟೆಯಾಡಿ ಬದುಕಿದವರ ಹೆಸರನ್ನು ನಾವು ಅತ್ಯಾಚಾರದ ಸುದ್ದಿಗೆ ಬಳಸುತ್ತಿದ್ದೇವೆ.

ಮೈಸೂರು ಮಲ್ಲಿಗೆ ಮೊಳ
ಬೆಟಗೇರಿಯವರು ಹೇಳಿದ್ದಕ್ಕೆ ಸಂಬಂಧಿಸಿದ್ದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನೋಡಿ. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಹಾಕಿದ್ದ ಕೇಸು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಯಾವ ಜಾತಿಯವರು ಅಡುಗೆ ಮಾಡಬೇಕು, ಯಾರು ಕಸ ಗುಡಿಸಬೇಕು ಅಂತೆಲ್ಲ ಬರೆದಿತ್ತು. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ಸಾಲುಗಳೂ ಇದ್ದವು. ಅವೆಲ್ಲ ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಹೇಳಿತು. ಕೈದಿಗಳ ರಿಜಿಸ್ಟರ್‌ನಿಂದ ಜಾತಿ ಕಾಲಂ ತೆಗೆಯಿರಿ ಅಂದಿತು. ಕಾಯ್ದೆ ರದ್ದಾಗಿ 72 ವರ್ಷ ಆಗಿತ್ತು.

ಕನ್ನಡ ಪಿರಿಯಡ್
ಪದಗಳ ಬಗ್ಗೆಯೇ ಎಲ್ಲರೂ ಹೇಳುತ್ತಿದ್ದೀರಿ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ತಕರಾರು ಪದದ ಮೇಲಲ್ಲ, ಕ್ರಿಯಾಪದದ ಬಾಲದ ಮೇಲೆ.

ಯಾವುದಾದರೂ ಕ್ರೈಂ ಸುದ್ದಿ ಓದಿ. ದೂರು ಕೊಟ್ಟವರು ‘ಎಂಬುವವರು’. ಬಂಧನವಾದವನು ‘ಎಂಬಾತ’. ಮನೆಯವರು ‘ತಿಳಿಸಿದ್ದಾರೆ’, ಪೊಲೀಸರು ‘ಬಂಧಿಸಿದ್ದಾರೆ’, ಆರೋಪಿ ‘ಪರಾರಿಯಾಗಿದ್ದಾನೆ’. ಒಂದೇ ವಾಕ್ಯದಲ್ಲಿ ಬಹುವಚನ ಕಳೆದುಕೊಂಡವನು ಯಾರು ಅಂತ ನೋಡಿದರೆ ಸಾಕು, ತೀರ್ಪು ಆಗಿಹೋಗಿದೆ. ‘ಆರೋಪಿ’ ಅಂತ ಎಷ್ಟೇ ಎಚ್ಚರಿಕೆಯಿಂದ ಬರೆದರೂ ಹಿಂದೆ ‘ನೆ’ ಹಚ್ಚಿದರೆ ಏನು ಉಳಿಯಿತು? ನಿನ್ನೆಯ ತನಕ ಅದೇ ಮನುಷ್ಯ ಊರಿನ ಸಂಘದ ಅಧ್ಯಕ್ಷ. ‘ಅವರು ಮಾತನಾಡಿ ಹೇಳಿದರು’ ಅಂತ ಅದೇ ಪತ್ರಿಕೆ ಬರೆದಿರುತ್ತದೆ. ಎಫ್‌ಐಆರ್ ಆದ ಮರುದಿನ ‘ಆತ ಹೇಳಿದ್ದಾನೆ’.

ಎಲ್ಲರಿಗೂ ಹೀಗಾಗುವುದಿಲ್ಲ, ಅದೇ ಮಜಾ. ದೊಡ್ಡ ರಾಜಕಾರಣಿಯ ಮೇಲೆ ಹತ್ತು ಕೇಸಿರಲಿ, ‘ಕೋರ್ಟಿಗೆ ಹಾಜರಾದರು’. ಜೈಲಿಗೆ ಹೋದರೂ ‘ಜೈಲು ಸೇರಿದರು’. ಶಿಕ್ಷೆಯಾದರೂ ‘ರು’ ಬಿಡುವುದಿಲ್ಲ. ದೊಡ್ಡ ಉದ್ಯಮಿಯಾದರೆ ‘ವಂಚನೆ ಆರೋಪ ಎದುರಿಸುತ್ತಿರುವ ಉದ್ಯಮಿ’. ಸೈಕಲ್ ಕದ್ದವನು ‘ಖದೀಮ’. ಅವನಿಗೆ ಆರೋಪ ಎದುರಿಸುವ ಭಾಗ್ಯವೂ ಇಲ್ಲ. ಹೆಂಗಸಾದರೆ ‘ಚಾಲಾಕಿ’, ‘ಕಿಲಾಡಿ’. ‘ಈಕೆ’ ಅಂತ ಶುರುವಾದರೆ ಏನೋ ಕಾದಿದೆ ಅಂತಲೇ ಅರ್ಥ.

ಇಂಗ್ಲಿಷ್ ಪತ್ರಿಕೆಯವರಿಗೆ ಈ ಅನುಕೂಲ ಇಲ್ಲ. ಅಲ್ಲಿ ಹೇಗೂ ಬಾಲದಲ್ಲಿ ಮರ್ಯಾದೆ ಇಲ್ಲ. ನಾವು ಮಾತ್ರ ಪ್ರತಿ ವಾಕ್ಯದ ಕೊನೆಗೂ ಒಂದು ಸಣ್ಣ ತೀರ್ಪು ಬರೆಯುತ್ತೇವೆ.

ಮದ್ದೂರು ವಡೆ
ಅಯ್ಯೋ, ಇದು ನಿಜ. ಆದರೆ ಕೊಲೆ ಮಾಡಿದವನಿಗೆ ‘ಅವರು ಕೊಚ್ಚಿದರು’ ಅಂತ ಬರೆದರೆ ಓದೋಕೆ ಆಗುತ್ತಾ ಮೇಷ್ಟ್ರೇ? ‘ಅವರು ಮಚ್ಚು ಬೀಸಿ ಪರಾರಿಯಾಗಿದ್ದಾರೆ’. ಮದುವೆ ಮನೆ ಊಟ ಮುಗಿಸಿ ಹೋದ ಹಾಗಿದೆ.

ಕನ್ನಡ ಪಿರಿಯಡ್
ನಿಮ್ಮ ಮಾತಿಗೆ ನಗು ಬಂತು, ನಿಜ ಹೇಳುತ್ತೇನೆ. ಅದಕ್ಕೇ ಬಹುವಚನ ಮಾಡಿ ಅನ್ನುತ್ತಿಲ್ಲ. ವಾಕ್ಯವನ್ನು ತಿರುಗಿಸಿ ಅನ್ನುತ್ತಿದ್ದೇನೆ. ‘ಮಚ್ಚಿನಿಂದ ಹಲ್ಲೆ ನಡೆದಿದೆ. ಪ್ರಕರಣದಲ್ಲಿ ಒಬ್ಬರ ಬಂಧನವಾಗಿದೆ.’ ‘ನೆ’ಯೂ ಇಲ್ಲ, ಅತಿ ಮರ್ಯಾದೆಯೂ ಇಲ್ಲ. ನಡೆದದ್ದು ಏನು ಅನ್ನುವುದು ಮುಂದೆ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಜಾಗ ಇದೆ. ನಾವೇ ಬಳಸುವುದಿಲ್ಲ. ‘ಆರೋಪಿತರು’ ಅಂತಲೂ ಬರೆಯಬಹುದು, ಕೇಳಲು ಅಷ್ಟೇನೂ ವಿಚಿತ್ರವಲ್ಲ.

ಹೆಣ್ಣುಮಗಳು
ಇಲ್ಲಿ ಒಂದು ಕಡೆಯದೇ ಕಾಳಜಿ ಜಾಸ್ತಿ ಆಯಿತು ಅನಿಸುತ್ತಿದೆ. ಅತ್ಯಾಚಾರದ ಕೇಸಿನಲ್ಲಿ ಆರೋಪಿಗೆ ಯಾವ ಬಾಲ ಹಚ್ಚಬೇಕು ಅಂತ ಯೋಚಿಸುವ ಮೊದಲು, ಆ ಹುಡುಗಿಯ ಬಗ್ಗೆ ಏನು ಬರೆಯುತ್ತೀರಿ ನೋಡಿ. ಹೆಸರು ಹಾಕುವಂತಿಲ್ಲ ಅಂತ ಕಾನೂನಿದೆ. ಹೆಸರು ಬಿಟ್ಟು ಊರು, ಕಾಲೇಜು, ತಂದೆಯ ಕೆಲಸ ಎಲ್ಲ ಬರೆಯುತ್ತಾರೆ. ಊರವರಿಗೆ ಗೊತ್ತಾಗದೆ ಇರುತ್ತದಾ?

ಆದರೆ ‘ಕಾಮುಕ’, ‘ಕೀಚಕ’, ‘ನರರಾಕ್ಷಸ’ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ ಇದೆ. ಕಾರಣ ಮಾತ್ರ ಬೇರೆ. ರಾಕ್ಷಸ ಅಂದ ಕೂಡಲೇ ಓದುವವರಿಗೆ ಎಲ್ಲೋ ಕತ್ತಲಲ್ಲಿ ಕೂತ ಕೋರೆಹಲ್ಲಿನವನು ಕಾಣುತ್ತಾನೆ. ದಾಖಲಾಗುವ ಕೇಸುಗಳಲ್ಲಿ ಬಹುಪಾಲು ಆರೋಪಿಗಳು ಹೆಣ್ಣುಮಗಳಿಗೆ ಮೊದಲೇ ಗೊತ್ತಿದ್ದವರು. ಪಕ್ಕದ ಮನೆಯವನು, ನೆಂಟ, ಪ್ರೀತಿಸುತ್ತೇನೆ ಅಂದವನು, ಮನೆಗೆ ಬಂದು ಹೋಗುವವನು. ರಾಕ್ಷಸ ಅಂತ ಬರೆದಷ್ಟೂ ‘ನಮ್ಮ ಮನೆಯ ಹುಡುಗ ಹಾಗಲ್ಲ’ ಅನ್ನುವವರಿಗೆ ಅನುಕೂಲ. ‘ಕಾಮುಕ’ ಇನ್ನೂ ಕೆಟ್ಟದ್ದು. ಅದು ಹಿಂಸೆಯನ್ನು ಆಸೆ ಅಂತ ಮಾಡಿಬಿಡುತ್ತದೆ. ‘ಅತ್ಯಾಚಾರ ಆರೋಪಿ’ ಅಂತ ಬರೆಯಿರಿ. ಅಷ್ಟು ಸಾಕು.

‘ಪಾಪಿ ಪತಿ’ ಕೂಡ ತೆಗೆಯಿರಿ. ಪಾಪ ಪುಣ್ಯ ದೇವರ ಲೆಕ್ಕ. ಹೆಂಡತಿಗೆ ಬೆಂಕಿ ಹಚ್ಚುವುದು ಕ್ರಿಮಿನಲ್ ಕೇಸು.

ಕರಾವಳಿ ಕಾಗೆ
ಇದಕ್ಕೆ ನೂರು ಲೈಕ್ ಒತ್ತುವ ಹಾಗಿದ್ದರೆ ಒತ್ತುತ್ತಿದ್ದೆ.

ಅಂಗಳದ ಅಕ್ಕ
ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮಕ್ಕಳ ರಕ್ಷಣೆಗೆ ಸಂಬಂಧಿಸಿದ ಕೆಲಸದಲ್ಲಿದ್ದೇನೆ. ‘ಬಾಲಾಪರಾಧಿ’ ಅನ್ನುವ ಪದ ಕಾನೂನಿನಲ್ಲಿ ಇಲ್ಲವೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಉದ್ದ ಆಯಿತು, ಗೊತ್ತು. ಅದೇ ಕಾಯ್ದೆಯ 3ನೇ ಸೆಕ್ಷನ್ ಓದಿ. ಮಗುವಿನ ವಿಚಾರದಲ್ಲಿ ಆರೋಪ ಹೊರಿಸುವಂಥ, ಕಳಂಕ ಹಚ್ಚುವಂಥ ಪದ ಬಳಸಬಾರದು ಅಂತ ಅಲ್ಲೇ ಬರೆದಿದೆ. ಕಾಯ್ದೆಯೊಂದು ಪದಗಳ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ್ದು ನನಗೆ ಬೇರೆಲ್ಲೂ ಕಂಡಿಲ್ಲ. 74ನೇ ಸೆಕ್ಷನ್ ಪ್ರಕಾರ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಸುದ್ದಿಗೆ ‘17 ವರ್ಷದ ಬಾಲಕ’ ಸಾಕು. ನಮ್ಮಲ್ಲಿಗೆ ಬರುವ ಮಕ್ಕಳು ತಮ್ಮ ಬಗ್ಗೆ ಬಂದ ಸುದ್ದಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತಾರೆ. ‘ಪುಂಡ’ ಅಂತ ಬಂದಿದ್ದರೆ ಅದನ್ನೇ ಬಿರುದು ಮಾಡಿಕೊಳ್ಳುತ್ತಾರೆ. ಒಬ್ಬ ಹುಡುಗ ಅದನ್ನೇ ಸ್ಟೇಟಸ್ ಹಾಕಿಕೊಂಡಿದ್ದ.

ಹಳೇ ಖಾಕಿ
ಇದು ದೊಡ್ಡವರಲ್ಲೂ ಇದೆ ಮೇಡಂ. ‘ಡಾನ್’ ಅಂತ ಪತ್ರಿಕೆಯಲ್ಲಿ ಬಂದರೆ ಕೆಲವರಿಗೆ ಖುಷಿ. ಕಟಿಂಗ್ ಇಟ್ಟುಕೊಂಡು ವಸೂಲಿಗೆ ಹೋಗುತ್ತಿದ್ದರು. ‘ಪಾತಕಿ’, ‘ಡಾನ್’ ಅಂತ ಬರೆದು ಅವರ ಬೆಲೆ ಹೆಚ್ಚಿಸುವುದು ಬೇಡ. ಗಡಿಪಾರು ಮಾಡಿದಾಗಲೂ ಅಷ್ಟೇ. ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಸೆಕ್ಷನ್ ಕೆಳಗೆ ಜಿಲ್ಲೆಯಿಂದ ಹೊರಗೆ ಹಾಕಿದರೆ, ಪತ್ರಿಕೆಯಲ್ಲಿ ಅವನ ಕಾರು, ಕೊರಳ ಚೈನು, ಹಳೇ ಕಥೆಯೆಲ್ಲ ಬಣ್ಣ ಬಣ್ಣವಾಗಿ ಬರುತ್ತಿತ್ತು.

ಹೆಸರು ಬೇಡ
ತುಂಬಾ ದಿನದಿಂದ ಇಲ್ಲಿ ಓದುತ್ತೇನೆ, ಬರೆದಿರಲಿಲ್ಲ. ನನ್ನ ಮೇಲೆ ಹಿಂದೊಮ್ಮೆ ಹಣ ದುರುಪಯೋಗದ ಕೇಸ್ ಆಗಿತ್ತು. ಕೆಲಸ ಮಾಡುತ್ತಿದ್ದ ಕಡೆ ಲೆಕ್ಕ ತಾಳೆಯಾಗದೆ ಕೊಟ್ಟ ದೂರು. ಪತ್ರಿಕೆಯೊಂದು ಫೋಟೊ ಸಮೇತ ಹಾಕಿತು. ‘ವಂಚಕ ನೌಕರ ಸೆರೆ’ ಅಂತ. ವರ್ಷಗಟ್ಟಲೆ ನಡೆದು ಖುಲಾಸೆ ಆಯಿತು. ತೀರ್ಪಿನ ಪ್ರತಿ ಹಿಡಿದು ಆ ಪತ್ರಿಕೆಯ ಆಫೀಸಿಗೆ ಹೋದೆ. ಸಂಬಂಧಪಟ್ಟವರು ಬಂದ ಮೇಲೆ ನೋಡೋಣ ಅಂದರು. ಸಂಬಂಧಪಟ್ಟವರು ಇನ್ನೂ ಬಂದಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ. ಮಗಳ ಮದುವೆ ಮಾತುಕತೆಗೆ ಬಂದವರು ನನ್ನ ಹೆಸರು ಹಾಕಿ ಫೋನಿನಲ್ಲಿ ಹುಡುಕಿದರು. ಮೊದಲು ಬಂದದ್ದು ಆ ಸುದ್ದಿ. ತೀರ್ಪು ಎಲ್ಲಿಯೂ ಇಲ್ಲ. ನೀವು ಪದಪಟ್ಟಿ ಮಾಡಿ, ಒಳ್ಳೆಯದೇ. ಹಳೇ ಸುದ್ದಿಗೆ ಏನು ಮಾಡುತ್ತೀರಿ?

ಕಪ್ಪು ಕೋಟು
ನಿಮಗೆ ಒಂದು ದಾರಿ ಇದೆ, ಗ್ಯಾರಂಟಿ ಕೊಡಲಾರೆ. ವೆಬ್‌ಸೈಟಿನ ಸಂಪಾದಕರಿಗೆ ತೀರ್ಪಿನ ದೃಢೀಕೃತ ಪ್ರತಿ ಸಮೇತ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ. ಬಾಯಿಮಾತಿನಲ್ಲಿ ಬಿಡಬೇಡಿ. ಮಣಿಯದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. 2017ರಲ್ಲಿ ನಮ್ಮ ಹೈಕೋರ್ಟ್ ಒಬ್ಬ ಮಹಿಳೆಯ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಿ ಅಂತ ತನ್ನ ರಿಜಿಸ್ಟ್ರಿಗೇ ಹೇಳಿತ್ತು. ಮರೆತುಬಿಡುವ ಹಕ್ಕು ಅನ್ನುವ ಮಾತು ಇಲ್ಲಿ ಮೊದಮೊದಲು ಕೇಳಿಬಂದದ್ದು ಆ ಆದೇಶದಲ್ಲಿ. ಆದರೆ ಪತ್ರಿಕೆಯ ಸುದ್ದಿಗೆ ಅದು ನೇರವಾಗಿ ಅನ್ವಯಿಸುತ್ತದೆ ಅಂತ ಹೇಳಲು ಬರುವುದಿಲ್ಲ. ಸುದ್ದಿ ತೆಗೆಸುವುದಕ್ಕಿಂತ, ಅದರ ಮೇಲೇ ‘ಈ ಪ್ರಕರಣದಲ್ಲಿ ಖುಲಾಸೆಯಾಗಿದೆ’ ಅಂತ ಹಾಕಿಸುವುದು ಸುಲಭ. ಮಗಳ ಮದುವೆಯ ಮಟ್ಟಿಗೆ ಅದೇ ಜಾಸ್ತಿ ಕೆಲಸ ಮಾಡುತ್ತದೆ.

ರಾತ್ರಿಪಾಳಿ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರೆದಿದ್ದೇನೆ, ನೋಡಿ.

ಖದೀಮ, ಐನಾತಿ, ಖತರ್ನಾಕ್, ಚಾಲಾಕಿ, ಕಿರಾತಕ, ಕೀಚಕ, ಕಾಮುಕ, ಪಾಪಿ, ರಾಕ್ಷಸ ಪೂರ್ತಿ ಬೇಡ. ಡಾನ್ ಕೂಡ ಬೇಡ. ತೀರ್ಪು ಬರುವ ತನಕ ಆರೋಪಿ. ಯಾರು ಅಂತ ಗೊತ್ತಿಲ್ಲದಿದ್ದಾಗ ದುಷ್ಕರ್ಮಿ, ಕಿಡಿಗೇಡಿ ಇರಲಿ, ಅವು ಒಬ್ಬ ವ್ಯಕ್ತಿಗೆ ಅಂಟುವುದಿಲ್ಲ. ರೌಡಿ ಶೀಟರ್ ಅಂತ ಬರೆಯುವ ಮುನ್ನ ಶೀಟ್ ಈಗಲೂ ಇದೆಯಾ ಅಂತ ಠಾಣೆಗೆ ಫೋನ್ ಮಾಡಿ ಕೇಳಬೇಕು. ಜಾತಿ ಬೇಡ. ಮಕ್ಕಳ ಹೆಸರು, ಶಾಲೆ ಬೇಡ. ‘ಎಂಬಾತ’ ಬದಲು ವಾಕ್ಯ ತಿರುಗಿಸಿ.

ಕೊನೆಯದಕ್ಕೆ ಡೆಸ್ಕ್‌ನಲ್ಲಿ ಜಾಸ್ತಿ ಗಲಾಟೆ ಆಗಿದೆ. ರಾತ್ರಿ ಹನ್ನೊಂದಕ್ಕೆ ಪುಟ ಬಿಡಬೇಕು, ವಾಕ್ಯ ತಿರುಗಿಸುತ್ತಾ ಕೂರಲು ಯಾರಿಗೆ ಟೈಮಿದೆ ಅಂತ.

ಮದ್ದೂರು ವಡೆ
ಶೀರ್ಷಿಕೆಗೆ ಏನು ಮಾಡ್ತೀರಿ? ‘ಮನೆಗಳ್ಳರು ಅಂದರ್’ ಅಂದರೆ ಒಂದೇ ಸಾಲಿಗೆ ಕೂರುತ್ತೆ. ಆರೋಪ, ಪ್ರಕರಣ, ಸಂಬಂಧಿಸಿದಂತೆ ಅಂತ ಹೋದರೆ ಮೂರು ಕಾಲಂ ಬೇಕು.

ರಾತ್ರಿಪಾಳಿ
‘ಮನೆ ಕಳವು: ಇಬ್ಬರ ಬಂಧನ’. ಅಳೆದು ನೋಡಿದೆ. ಕೂರುತ್ತದೆ.

ಬೆಟಗೇರಿ ಬಸ್‌ಸ್ಟಾಪ್
‘ಬೇಡ’ ಅಂತ ಇಷ್ಟು ಪದ ಬರೆದಿದ್ದೀರಲ್ಲ, ನಮ್ಮ ಜಾತಿಯ ಹೆಸರು ಬರೆಯಲೇಬೇಕಾದ ಸುದ್ದಿ ಬಂದರೆ? ಮೀಸಲಾತಿ, ಸ್ಕಾಲರ್‌ಶಿಪ್ ಅಂತ.

ರಾತ್ರಿಪಾಳಿ
ಪಟ್ಟಿಯಲ್ಲಿರುವ ಅಧಿಕೃತ ಹೆಸರನ್ನು ಬದಲಿಸುವ ಅಧಿಕಾರ ನಮಗಿಲ್ಲ. ನಿಮ್ಮವರು ಏನು ಬರೆಯಬೇಕು ಅನ್ನುತ್ತೀರೋ ಹೇಳಿ, ಹಾಗೇ ಬರೆಯುತ್ತೇನೆ.

ಬೆಟಗೇರಿ ಬಸ್‌ಸ್ಟಾಪ್
ನಮ್ಮಲ್ಲೇ ಒಮ್ಮತ ಇಲ್ಲ. ಹೆಸರು ಬದಲಿಸಬೇಕು ಅನ್ನುವವರಿದ್ದಾರೆ. ಬದಲಿಸಿದರೆ ಸರ್ಟಿಫಿಕೇಟ್ ಸಿಗುವುದು ತೊಡಕಾಗುತ್ತದೆ ಅಂತ ಹೆದರುವವರೂ ಇದ್ದಾರೆ. ಸದ್ಯಕ್ಕೆ ಸುದ್ದಿಯ ಒಳಗೆ ಬರೆಯಿರಿ, ಶೀರ್ಷಿಕೆಯಲ್ಲಿ ಬೇಡ.

ಕಪ್ಪು ಕೋಟು
ಒಂದು ಕೇಳುವುದಿದೆ. ಖುಲಾಸೆ ಆದರೆ ಆ ಸುದ್ದಿ ಯಾವ ಪುಟಕ್ಕೆ?

ರಾತ್ರಿಪಾಳಿ
ಬಂಧನದ ಸುದ್ದಿ ಬಂದಿದ್ದ ಪುಟಕ್ಕೇ, ಅಷ್ಟೇ ಅಳತೆಗೆ ಅಂತ ಪಟ್ಟಿಯಲ್ಲಿ ಬರೆದೆ. ಸಂಪಾದಕರು ಆ ಸಾಲಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ‘ಜಾಗ?’ ಅಂತ ಬರೆದು ವಾಪಸ್ ಕಳಿಸಿದ್ದಾರೆ. ಸೋಮವಾರದ ಮೀಟಿಂಗ್‌ನಲ್ಲಿ ಮತ್ತೆ ಇಡುತ್ತೇನೆ. ‘ಹೆಸರು ಬೇಡ’ ಅವರೇ, ನಿಮ್ಮ ವಿಷಯವನ್ನು ಊರು, ಪತ್ರಿಕೆ ಏನೂ ಹೇಳದೆ ಉದಾಹರಣೆಗೆ ಬಳಸಬಹುದಾ?

ಹೆಸರು ಬೇಡ
ಬಳಸಿ.